ಕೈ ಎತ್ತದವರ ಲೆಕ್ಕ



1993ರ ಮೇ ತಿಂಗಳಲ್ಲಿ ಒಂದರ ಬೆನ್ನಿಗೊಂದು ಬಂದ ಎರಡು ದಿನಗಳಿಂದ ಮಾತು ಶುರು ಮಾಡುತ್ತೇನೆ. ಮೇ 10ರಂದು ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ಆಗ ಆ ಖಾತೆಯ ಸಚಿವರಾಗಿದ್ದವರು ಸಂಡೂರಿನ ಎಂ.ವೈ. ಘೋರ್ಪಡೆಯವರು. ಊರಿನ ಮತದಾರರೆಲ್ಲ ಸದಸ್ಯರಾಗಿರುವ ಗ್ರಾಮಸಭೆ ಎಂಬ ಸಂಸ್ಥೆಗೆ ನಮ್ಮ ರಾಜ್ಯದಲ್ಲಿ ಹೊಸ ಬಲ ಸಿಕ್ಕಿದ್ದು ಆ ಕಾಯ್ದೆಯಿಂದ. ಮಾರನೆಯ ದಿನ, ಮೇ 11ರಂದು, ದೆಹಲಿಯ ಲೋಕಸಭೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಪದಚ್ಯುತಿಯ ಗೊತ್ತುವಳಿ ಮತಕ್ಕೆ ಬಂತು. ಪರವಾಗಿ 196 ಮತ ಬಿದ್ದವು. ವಿರುದ್ಧವಾಗಿ ಒಂದೂ ಬೀಳಲಿಲ್ಲ. ಸದನದಲ್ಲಿಯೇ ಕುಳಿತಿದ್ದ 205 ಸದಸ್ಯರು ತಟಸ್ಥರಾಗಿ ಉಳಿದರು. ಗೊತ್ತುವಳಿ ಬಿದ್ದುಹೋಯಿತು.

ಒಬ್ಬನೇ ಒಬ್ಬ ಸದಸ್ಯ ‘ಬೇಡ’ ಎನ್ನದಿದ್ದರೂ ಗೊತ್ತುವಳಿ ಸೋತದ್ದು ಹೇಗೆ? ಸಂವಿಧಾನದ 124ನೇ ವಿಧಿ ಎರಡು ಲೆಕ್ಕಗಳನ್ನು ಕೇಳುತ್ತದೆ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಪರವಾಗಿರಬೇಕು. ಜೊತೆಗೆ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಜನ ಪರವಾಗಿರಬೇಕು. ಮೊದಲನೆಯ ಲೆಕ್ಕದಲ್ಲಿ ಮತ ಹಾಕಿದ ನೂರಕ್ಕೆ ನೂರು ಜನ ಪರವಾಗಿದ್ದರು. ಎರಡನೆಯ ಲೆಕ್ಕದಲ್ಲಿ 205 ಜನರ ಮೌನ ಬಂದು ನ್ಯಾಯಮೂರ್ತಿಗಳ ಬೆನ್ನಿಗೆ ನಿಂತಿತು. ಅಂದು ಮಾತಾಡಿದವರಿಗಿಂತ ಮಾತಾಡದವರೇ ತೀರ್ಪು ಕೊಟ್ಟರು.

ನಾನು ಇವತ್ತು ಕೇಳಹೊರಟಿರುವುದು ಇದೇ ಪ್ರಶ್ನೆಯನ್ನು, ನಮ್ಮ ಊರುಗಳ ಅಳತೆಗೆ ತಂದು. ಗ್ರಾಮಸಭೆಯಲ್ಲಿ, ಸಹಕಾರ ಸಂಘದ ಮಹಾಸಭೆಯಲ್ಲಿ, ನೀರು ಬಳಕೆದಾರರ ಸಂಘದಲ್ಲಿ, ದೇವಸ್ಥಾನದ ಕಟ್ಟೆಯ ಮೇಲೆ ಸೇರುವ ‘ದೈವ’ ಎಂಬ ಊರ ಸಭೆಯಲ್ಲಿ ಒಂದು ವಿಷಯ ಮತಕ್ಕೆ ಬಂದಾಗ ಕೈ ಎತ್ತದವನನ್ನು ಯಾವ ಕಡೆ ಸೇರಿಸಬೇಕು? ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ಸಭೆಗಳು ಹೆಚ್ಚುಕಡಿಮೆ ಆ ಮಾತಿನ ಮೇಲೇ ನಡೆಯುತ್ತಿವೆ. ಅದು ಎಲ್ಲ ಕಾಲಕ್ಕೂ ಸಲ್ಲುವ ಮಾತೆಂದು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಈ ನೆಲದ ಉದಾಹರಣೆಗಳಿಂದಲೇ ವಿವರಿಸುತ್ತೇನೆ.

ನಮ್ಮ ಕಣ್ಣೆದುರೇ ನಡೆದದ್ದನ್ನು ಮೊದಲು ನೋಡೋಣ. 2019ರ ಜುಲೈ 23ರಂದು ಕರ್ನಾಟಕ ವಿಧಾನಸಭೆಯಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ ಯಾಚನೆಯ ಮೇಲೆ ಮತದಾನವಾಯಿತು. ಪರ 99, ವಿರುದ್ಧ 105. ನಾಮಕರಣ ಸದಸ್ಯರೂ ಸೇರಿ ಸದನದ ಬಲ 225. ಸಭಾಧ್ಯಕ್ಷರನ್ನು ಬಿಟ್ಟರೆ 20 ಜನ ಮತಕ್ಕೆ ಬರಲಿಲ್ಲ. ರಾಜೀನಾಮೆ ಕೊಟ್ಟಿದ್ದ ಹದಿನೈದು ಶಾಸಕರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಬಾರದೆಂದು ಸುಪ್ರೀಂ ಕೋರ್ಟ್ ಜುಲೈ 17ರಂದೇ ಹೇಳಿತ್ತು. ಅವರಲ್ಲಿ ಹೊಸಪೇಟೆಯನ್ನು ಒಳಗೊಂಡ ವಿಜಯನಗರ ಕ್ಷೇತ್ರದ ಆನಂದ್ ಸಿಂಗ್ ಕೂಡ ಒಬ್ಬರು. ಸಂಡೂರು ತಾಲ್ಲೂಕಿನ 3,667 ಎಕರೆ ಜಮೀನನ್ನು ಉಕ್ಕಿನ ಕಾರ್ಖಾನೆಗೆ ಮಾರುವುದನ್ನು ವಿರೋಧಿಸಿ ಅವರು ಜುಲೈ 1ರಂದು ರಾಜೀನಾಮೆ ಕೊಟ್ಟಿದ್ದರು. ಸಂವಿಧಾನದ 189ನೇ ವಿಧಿಯ ಪ್ರಕಾರ ಸದನದ ತೀರ್ಮಾನಕ್ಕೆ ಬೇಕಾದದ್ದು ಹಾಜರಿದ್ದು ಮತ ಹಾಕಿದವರ ಬಹುಮತ ಮಾತ್ರ. ಆದ್ದರಿಂದ 105 ಸಾಕಾಯಿತು. ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ 113 ಬೇಕೆಂಬ ನಿಯಮವಿದ್ದಿದ್ದರೆ ಅಂದು ಎರಡು ಕಡೆಯವರೂ ಅದನ್ನು ಮುಟ್ಟುತ್ತಿರಲಿಲ್ಲ.

1993ರಲ್ಲಿ ಮೌನ ಗೊತ್ತುವಳಿಯನ್ನು ತಡೆಯಿತು. 2019ರಲ್ಲಿ ಮೌನ ಸರ್ಕಾರವನ್ನು ಉರುಳಿಸಿತು. ಮೌನದ ಸ್ವಭಾವ ಎರಡು ಕಡೆಯೂ ಒಂದೇ. ಅದನ್ನು ಎಣಿಸುವ ನಿಯಮ ಬೇರೆ ಬೇರೆ. ಹಾಗಾಗಿ ನಿಯಮ ಬರೆಯುವವನ ಕೈಯಲ್ಲಿ ದೊಡ್ಡ ಅಧಿಕಾರವಿದೆ. ಮತ ಹಾಕದವರು ಯಾರ ಪಾಲಿಗೆ ಹೋಗಬೇಕೆಂದು ಅವನು ಮೊದಲೇ ಗೆರೆ ಎಳೆದಿರುತ್ತಾನೆ.

ಆ ಇಪ್ಪತ್ತು ಜನರ ಗೈರುಹಾಜರಿ ಅಲ್ಲಿಗೇ ನಿಲ್ಲಲಿಲ್ಲ. ಸರ್ಕಾರ ಬದಲಾಯಿತು, 2019ರ ಡಿಸೆಂಬರ್ 5ರಂದು ವಿಜಯನಗರ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು, ಬಹುಕಾಲದ ಬೇಡಿಕೆಯಾಗಿದ್ದ ವಿಜಯನಗರ ಜಿಲ್ಲೆಗೆ ದಾರಿ ತೆರೆಯಿತು. 2020ರ ಡಿಸೆಂಬರಿನಲ್ಲಿ ಕರಡು ಅಧಿಸೂಚನೆ ಹೊರಟಿತು. ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ಬರೆದು ತಿಳಿಸಬೇಕು ಎಂದಿತು. 2021ರ ಫೆಬ್ರುವರಿ 8ರಂದು ಅಂತಿಮ ಅಧಿಸೂಚನೆ ಬಂತು, ಅಕ್ಟೋಬರ್ 2ರಂದು ಜಿಲ್ಲೆಯ ಉದ್ಘಾಟನೆಯಾಯಿತು. ಹೊಸಪೇಟೆಗೆ ಇಷ್ಟು ಹತ್ತಿರವಿರುವ ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಜಿಲ್ಲೆ ಬೇಕೆನ್ನುವವರಲ್ಲಿ ನಾನೂ ಒಬ್ಬ. ನನ್ನ ಗಮನ ಇರುವುದು ಆ ಮೂವತ್ತು ದಿನಗಳ ಮೇಲೆ. ಜಿಲ್ಲೆ ಒಡೆಯುವಾಗ, ಊರಿನ ಮಹಾಯೋಜನೆ ಬರೆಯುವಾಗ, ಜಮೀನು ಸ್ವಾಧೀನಕ್ಕೆ ತೆಗೆದುಕೊಳ್ಳುವಾಗ ನಮ್ಮ ಆಡಳಿತ ಜನರನ್ನು ‘ಒಪ್ಪಿಗೆ ಇದೆಯೆ?’ ಎಂದು ಕೇಳುವುದಿಲ್ಲ, ‘ಆಕ್ಷೇಪಣೆ ಇದೆಯೆ?’ ಎಂದು ಕೇಳುತ್ತದೆ. ಗಡುವು ಮುಗಿಯುವವರೆಗೆ ಬರೆಯದವರೆಲ್ಲ ಒಪ್ಪಿದವರ ಸಾಲಿಗೆ ಸೇರುತ್ತಾರೆ. ಹಂಪಿಯ ರಥಬೀದಿಯ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ಎಬ್ಬಿಸಿದಾಗಲೂ, ಅವರಲ್ಲಿ ಹಲವರು ಕಡ್ಡಿರಾಂಪುರದ ಕಡೆ ಹೋಗಬೇಕಾಗಿ ಬಂದಾಗಲೂ, ಆ ಬೀದಿಯ ಜನ ಒಟ್ಟಾಗಿ ಕುಳಿತು ಹೂಂ ಅಥವಾ ಉಹೂಂ ಅನ್ನುವ ಒಂದು ಮತ ನಡೆಯಲಿಲ್ಲ. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅಲ್ಲಿ ಬದುಕಿದವರ ಅಭಿಪ್ರಾಯವೂ ಬರೆದಿಡಬೇಕಾದ ದಾಖಲೆ ಎಂಬುದರಲ್ಲಿಯೂ ಇಲ್ಲ.

ಹಾಗಾದರೆ ಮೌನವನ್ನು ಒಪ್ಪಿಗೆಯೆಂದು ಎಣಿಸುವುದೇ ಅನ್ಯಾಯವೆ? ಅಲ್ಲ. ಆ ಕ್ರಮವನ್ನು ನ್ಯಾಯವಾಗಿ ನಡೆಸಿದ ಒಂದು ಪರಂಪರೆ ಈ ಸೀಮೆಗೂ ಪರಿಚಿತವಾದದ್ದೇ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಆ ಅರಸ ಗೌರವಿಸಿದ ಬೌದ್ಧ ಸಂಘದ ವಿನಯ ನಿಯಮಗಳಲ್ಲಿ ಸಭೆ ನಡೆಸುವ ಬಗೆ ಬಹಳ ಸ್ಪಷ್ಟವಾಗಿದೆ. ದೊಡ್ಡ ತೀರ್ಮಾನಗಳಲ್ಲಿ ಮೊದಲು ವಿಷಯವನ್ನು ಸಂಘದ ಮುಂದಿಡಬೇಕು. ಆಮೇಲೆ ಅದನ್ನು ಮೂರು ಸಲ ಸಾರಬೇಕು. ಪ್ರತಿ ಸಲವೂ ಒಪ್ಪುವವರು ಸುಮ್ಮನಿರಲಿ, ಒಪ್ಪದವರು ಮಾತಾಡಲಿ ಎಂದು ಹೇಳಬೇಕು. ಮೂರನೆಯ ಸಲವೂ ಯಾರೂ ಮಾತಾಡದಿದ್ದರೆ ಮಾತ್ರ ಆ ಮೌನ ಒಪ್ಪಿಗೆ. ಕಾಯಿಲೆಯಿಂದ ಬರಲಾರದ ಭಿಕ್ಷು ತನ್ನ ಸಮ್ಮತಿಯನ್ನು ಇನ್ನೊಬ್ಬ ಭಿಕ್ಷುವಿನ ಮೂಲಕ ಕಳಿಸಬೇಕು. ಅದಕ್ಕೆ ‘ಛಂದ’ ಎಂದು ಹೆಸರು. ಭಿನ್ನಾಭಿಪ್ರಾಯ ಬಗೆಹರಿಯದಿದ್ದರೆ ಶಲಾಕೆ ಎಂಬ ಕಡ್ಡಿಗಳನ್ನು ಹಂಚಿ ಮತ ಎಣಿಸಬೇಕು. ಆ ಕಡ್ಡಿಗಳನ್ನು ಗುಟ್ಟಾಗಿ ಕೊಡುವ ಕ್ರಮವೂ ಇತ್ತು.

ಅಲ್ಲಿ ಮೌನಕ್ಕೆ ಅರ್ಥ ಬರುವುದಕ್ಕೆ ಮೊದಲು ಎಷ್ಟು ಕೆಲಸ ಆಗಿರುತ್ತದೆ ನೋಡಿ. ವಿಷಯ ಎಲ್ಲರ ಕಿವಿಗೂ ಬಿದ್ದಿದೆ. ಮೂರು ಅವಕಾಶ ಸಿಕ್ಕಿವೆ. ಬರಲಾರದವನನ್ನು ಮರೆತಿಲ್ಲ. ಮಾತಾಡಿದರೆ ಕೂಲಿ ಹೋಗುವ ಭಯವಾಗಲಿ, ಸಾಲ ಸಿಗದ ಭಯವಾಗಲಿ ಅಲ್ಲಿಲ್ಲ. ಇಷ್ಟಾದ ಮೇಲೆ ಸುಮ್ಮನಿದ್ದವನನ್ನು ಒಪ್ಪಿದವನೆಂದು ಬರೆದರೆ ನನ್ನ ತಕರಾರಿಲ್ಲ.

ಈಗ ನಮ್ಮ ಗ್ರಾಮಸಭೆಗೆ ಬನ್ನಿ. ಇಂದು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂದು ಹೆಸರಾಗಿರುವ ಘೋರ್ಪಡೆಯವರ ಕಾಲದ ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಅವರಲ್ಲಿ ಶೇಕಡಾ ಮೂವತ್ತಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು. ಐದು ಸಾವಿರ ಮತದಾರರ ಪಂಚಾಯಿತಿಗೂ ನೂರೇ ಜನ ಸಾಕು ಎಂದಾಯಿತು. ಆ ನೂರರಲ್ಲಿ ಅರವತ್ತು ಜನ ಕೈ ಎತ್ತದೆ ಕುಳಿತರೆನ್ನಿ. ಉಳಿದ ನಲವತ್ತರಲ್ಲಿ 21 ಪರ, 19 ವಿರುದ್ಧ. ಹಾಜರಿದ್ದು ಮತ ಹಾಕಿದವರನ್ನಷ್ಟೇ ಎಣಿಸಿದರೆ ಐದು ಸಾವಿರ ಜನರ ಗೋಮಾಳದ, ಕೆರೆಯ, ರಸ್ತೆಯ ತೀರ್ಮಾನ 21 ಕೈಗಳಿಂದ ಆಗುತ್ತದೆ.

ವಾಸ್ತವದಲ್ಲಿ ಅಷ್ಟೂ ಆಗುವುದಿಲ್ಲ. ಕೈಗಳನ್ನು ಎಣಿಸುವುದೇ ಅಪರೂಪ. ನೋಡಲ್ ಅಧಿಕಾರಿ ಕುರ್ಚಿಯಲ್ಲಿ ಕೂರುತ್ತಾರೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ವಿಷಯಪಟ್ಟಿ ಓದುತ್ತಾರೆ, ಮುಂದಿನ ಸಾಲಿನ ನಾಲ್ಕಾರು ಜನ ಮಾತಾಡುತ್ತಾರೆ, ಹಿಂದೆ ನಿಂತವರು ತಮ್ಮ ಮನೆ ಮಂಜೂರಾತಿಯ ಬಗ್ಗೆ ಕೇಳಿ ಹೊರಡುತ್ತಾರೆ. ಬಂದ ಕೂಡಲೆ ಹಾಜರಿ ಪುಸ್ತಕಕ್ಕೆ ಹಾಕಿಸಿಕೊಂಡ ಸಹಿ ಮತ್ತು ಹೆಬ್ಬೆಟ್ಟು ಸಂಜೆಯ ಹೊತ್ತಿಗೆ ಠರಾವಿನ ಕೆಳಗಿನ ಸಹಿಗಳಾಗಿ ಮಾರ್ಪಟ್ಟಿರುತ್ತವೆ. ನಡವಳಿ ಪುಸ್ತಕದಲ್ಲಿ ಒಂದೇ ವಾಕ್ಯ: ‘ಸಭೆಯು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು.’ ಈ ವಾಕ್ಯವನ್ನು ಬರೆಯುವವರಲ್ಲಿ ಕೆಟ್ಟ ಮನಸ್ಸಿನವರೇ ಇರುತ್ತಾರೆಂದು ನಾನು ಹೇಳುತ್ತಿಲ್ಲ. ಊರಲ್ಲಿ ಜಗಳ ಬೇಡ, ಎಲ್ಲರೂ ಒಂದಾಗಿದ್ದೇವೆಂದು ಕಾಣಲಿ ಎಂಬ ಒಳ್ಳೆಯ ಆಸೆಯೂ ಅದರಲ್ಲಿದೆ. ಆದರೆ ಆ ಒಂದು ವಾಕ್ಯದಿಂದ ಮೂರು ಬೇರೆ ಬೇರೆ ಮನುಷ್ಯರು ಒಂದೇ ಮುಖದವರಾಗಿ ಬಿಡುತ್ತಾರೆ: ಸಭೆಗೇ ಬಾರದವರು, ಬಂದರೂ ವಿಷಯ ತಿಳಿಯದೆ ಸುಮ್ಮನಿದ್ದವರು, ಎಲ್ಲ ತಿಳಿದು ಬೇಕೆಂದೇ ಯಾವ ಕಡೆಗೂ ಸೇರದವರು.

ಬಾರದವರು ಯಾರು? ನಾಟಿ, ಸುಗ್ಗಿಗಳಲ್ಲಿ ಕಂಪ್ಲಿಯ ಗದ್ದೆಗಳಲ್ಲಿರುವ ಹೆಂಗಸರು. ಕಾಲುವೆಗೆ ನೀರು ಬಿಟ್ಟ ದಿನ ತಮ್ಮ ಸರದಿ ಕಾಯುತ್ತಿರುವ ಕೊನೆಭಾಗದ ರೈತರು. ಕೆಲಸ ಹುಡುಕಿ ದೂರದ ಊರಿಗೆ ಹೋದ ತಾಂಡಾದ ಕುಟುಂಬಗಳು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅದರ ಕೈಚಳಕ ಕಡಲಾಚೆಗೂ ಹೋಗಿದೆ. ಆ ಕಸೂತಿ ಹಾಕುವ ಎಷ್ಟು ಹೆಂಗಸರ ಮಾತು ಅವರದೇ ಪಂಚಾಯಿತಿಯ ನಡವಳಿಯಲ್ಲಿ ದಾಖಲಾಗಿದೆ? ಬಂದು ಸುಮ್ಮನಿರುವವರು ಯಾರು? ಠರಾವು ಮಂಡಿಸಿದವರ ಹೊಲದಲ್ಲೇ ನಾಳೆ ಕೂಲಿಗೆ ಹೋಗಬೇಕಾದವರು. ಅವರ ಸುಮ್ಮನಿರುವಿಕೆಯನ್ನು ಒಪ್ಪಿಗೆ ಅನ್ನುವುದು ಗಾಯಗೊಂಡವನನ್ನು ಇನ್ನೊಮ್ಮೆ ಹೊಡೆದಂತೆ.

ನನ್ನ ಮುಖ್ಯ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ತಟಸ್ಥರನ್ನು ಯಾವ ಕಡೆ ಎಣಿಸಬೇಕು ಎಂಬುದಕ್ಕೆ ಎಲ್ಲ ಸಭೆಗಳಿಗೂ ಹೊಂದುವ ಒಂದೇ ಸೂತ್ರವಿಲ್ಲ. ಮೊದಲು ಕೇಳಬೇಕಾದದ್ದು ಬೇರೆಯೇ: ಈ ಸಭೆಯಲ್ಲಿ ಮೌನವನ್ನು ಹುಟ್ಟಿಸುವ ಶಕ್ತಿ ಯಾರ ಕೈಯಲ್ಲಿದೆ? ಸ್ಥಳ, ಸಮಯ, ಭಾಷೆ ಯಾವುದೆಂದು ನಿರ್ಧರಿಸುವವರು ಯಾರು? ಜನರನ್ನು ಬಾರದಂತೆ ಮಾಡಬಲ್ಲವರು, ಬಂದವರ ಬಾಯಿ ಕಟ್ಟಬಲ್ಲವರು ಯಾರು? ಅದು ಯಾರ ಕೈಯಲ್ಲಿದೆಯೋ ಅವರ ಲೆಕ್ಕಕ್ಕೆ ಮೌನವನ್ನು ಸೇರಿಸಬಾರದು. ಸೇರಿಸಿದರೆ ಮಾತಾಡುವವರನ್ನು ಒಲಿಸಿಕೊಳ್ಳುವ ಶ್ರಮವನ್ನು ಬಿಟ್ಟು ಅವರು ಬಾಯಿ ಮುಚ್ಚಿಸುವ ದಾರಿಯನ್ನೇ ಹಿಡಿಯುತ್ತಾರೆ.

ಈ ಮಾತನ್ನು ಸಂಡೂರಿನ ಬೆಟ್ಟಗಳ ಮೇಲೆ ಒರೆ ಹಚ್ಚಿ ನೋಡೋಣ. ಗಣಿಗೋ ಕಾರ್ಖಾನೆಗೋ ಪರಿಸರ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಲ್ಲಿ ಅದರ ವಿಧಾನವಿದೆ. ಮೂವತ್ತು ದಿನಗಳ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಎಲ್ಲವನ್ನೂ ವಿಡಿಯೊದಲ್ಲಿ ದಾಖಲಿಸಬೇಕು. ಅದರಲ್ಲೇ ಇನ್ನೊಂದು ವಾಕ್ಯವಿದೆ: ಸಭೆ ಆರಂಭಿಸಲು ಯಾವ ಕೋರಂ ಕೂಡ ಅಗತ್ಯವಿಲ್ಲ. ಅಲ್ಲಿ ಮತವೂ ಇಲ್ಲ. ಹತ್ತು ಜನ ಬಂದರೂ ಸಭೆ ನಡೆದಂತೆ, ಸಾವಿರ ಜನ ಬಂದರೂ ನಡೆದಂತೆ. ಬಾರದವರ ಮೌನ ಸೀದಾ ಅರ್ಜಿದಾರರ ಪಾಲಿಗೆ ಹೋಗುತ್ತದೆ. ಈ ಸಭೆಯ ಬಗ್ಗೆ ಯಾರಿಗೆ ಮೊದಲೇ ಎಲ್ಲ ಗೊತ್ತಿರುತ್ತದೆ? ಜನರನ್ನು ಲಾರಿಯಲ್ಲಿ ಕರೆತರಲು ಅಥವಾ ಅಂದು ಕೆಲಸ ಕೊಟ್ಟು ದೂರ ಇಡಲು ಯಾರಿಗೆ ಸಾಧ್ಯ? ಮೌನ ಹುಟ್ಟಿಸಬಲ್ಲವರ ಕೈಗೇ ಮೌನದ ಲಾಭವನ್ನೂ ಕೊಟ್ಟ ನಿಯಮವಿದು. ಇದು ಬದಲಾಗಲೇಬೇಕೆಂದು ನಾನು ನಂಬುತ್ತೇನೆ.

ಇದರ ಪಕ್ಕದಲ್ಲಿ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು ಇಟ್ಟು ಓದಿ. 2006ರ ಆ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಿದ್ದುಪಡಿಯಾಯಿತು. ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕಿನ ಅರ್ಜಿಗಳ ಮೇಲೆ ಠರಾವು ಮಾಡುವುದಾದರೆ ಅರ್ಜಿ ಹಾಕಿದವರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನ ಅಲ್ಲಿರಬೇಕು. ಆಮೇಲೆ ಹಾಜರಿದ್ದು ಮತ ಹಾಕಿದವರ ಸರಳ ಬಹುಮತ. ಇದನ್ನು ಬರೆದವರು ಊರನ್ನು ಬಲ್ಲವರು. ಮೊದಲು ಬಾಗಿಲಲ್ಲಿ ಎಣಿಸುತ್ತಾರೆ, ಯಾರ ಬದುಕು ಆ ತೀರ್ಮಾನದ ಮೇಲೆ ನಿಂತಿದೆಯೋ ಅವರನ್ನು ಬೇರೆಯಾಗಿ ಎಣಿಸುತ್ತಾರೆ, ಅದಾದ ಮೇಲಷ್ಟೇ ಕೈಗಳನ್ನು ಎಣಿಸುತ್ತಾರೆ. ಒಳಗೆ ಬಂದು ತಟಸ್ಥರಾಗಿ ಉಳಿಯುವ ಸ್ವಾತಂತ್ರ್ಯ ಇದೆ. ಬಾರದವರ ಹೆಸರಿನಲ್ಲಿ ಕಾಡು ಬರೆದುಕೊಡುವ ಅವಕಾಶ ಇಲ್ಲ.

2013ರ ಏಪ್ರಿಲ್ 18ನ್ನು ನೆನಪಿಡಿ. ಅಂದು ಸುಪ್ರೀಂ ಕೋರ್ಟಿನ ಅರಣ್ಯ ಪೀಠ ಎರಡು ತೀರ್ಪುಗಳನ್ನು ಕೊಟ್ಟಿತು. ಒಂದು ಒಡಿಶಾದ ನಿಯಮಗಿರಿಯದು. ಬೆಟ್ಟದ ಮೇಲೆ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದರಲ್ಲಿ ಅಲ್ಲಿನ ಗ್ರಾಮಸಭೆಗಳ ಅಭಿಪ್ರಾಯ ಕೇಳಬೇಕು, ಜಿಲ್ಲಾ ನ್ಯಾಯಾಧೀಶರ ದರ್ಜೆಯವರೊಬ್ಬರು ವೀಕ್ಷಕರಾಗಿ ಇರಬೇಕು ಎಂದಿತು ಕೋರ್ಟು. ಆ ವರ್ಷದ ಜುಲೈ, ಆಗಸ್ಟ್ ತಿಂಗಳಲ್ಲಿ ಹನ್ನೆರಡು ಹಳ್ಳಿಗಳ ಸಭೆಗಳು ನಡೆದವು, ಹನ್ನೆರಡೂ ಬೇಡವೆಂದವು. ಇನ್ನೊಂದು ತೀರ್ಪು ನಮ್ಮದು: ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನು ಅಕ್ರಮದ ಮಟ್ಟ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದವನ್ನು ರದ್ದು ಮಾಡಿ, ಉಳಿದವು ಷರತ್ತುಗಳ ಮೇಲೆ ನಡೆಯಲಿ ಎಂದ ತೀರ್ಪು. ಆ ತೀರ್ಪು ಬಾರದಿದ್ದರೆ ಈ ಬೆಟ್ಟಗಳ ಗತಿ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. ಹೋರಾಡಿದವರಿಗೆ ಕೈ ಮುಗಿಯುತ್ತೇನೆ. ಆದರೂ ಒಂದು ವ್ಯತ್ಯಾಸ ಮನಸ್ಸನ್ನು ಕೊರೆಯುತ್ತದೆ. ಒಂದೇ ದಿನ ನಿಯಮಗಿರಿಯ ಹಳ್ಳಿಗರನ್ನು ಕೇಳಿ ಎಂಬ ಮಾತು ಬಂತು. ಸಂಡೂರಿನ ಹಳ್ಳಿಗರನ್ನು ಕೇಳಿ ಎಂಬ ಮಾತು ಬರಲಿಲ್ಲ. 2024ರ ಜೂನ್‌ನಲ್ಲಿ ಸಂಡೂರಿನ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡನ್ನು ಗಣಿಗೆ ಕೊಡುವ ಪ್ರಶ್ನೆ ಎದ್ದಾಗ ರಾಜ್ಯವೆಲ್ಲ ಮಾತಾಡಿತು. ಮಂತ್ರಿಗಳು ಮಾತಾಡಿದರು, ಪತ್ರಿಕೆಗಳು ಬರೆದವು. ಬೆಟ್ಟದ ಬುಡದ ಊರುಗಳಲ್ಲಿ ಎಷ್ಟು ಜನ ಬೇಕೆಂದರು, ಎಷ್ಟು ಜನ ಬೇಡವೆಂದರು, ಎಷ್ಟು ಜನ ಯಾವುದನ್ನೂ ಹೇಳಲಿಲ್ಲ ಎಂಬ ಎಣಿಕೆ ಆ ಚರ್ಚೆಯ ನಡುವೆ ಇರಬೇಕಾಗಿತ್ತು.

ಅರಣ್ಯ ಹಕ್ಕು ನಿಯಮದಲ್ಲಿರುವಂತೆ ಕೋರಂ ದೊಡ್ಡದಾದರೆ ಅದನ್ನೂ ದುರುಪಯೋಗ ಮಾಡಬಹುದಲ್ಲ ಎಂದು ನೀವು ಕೇಳಬಹುದು. ನಿಜ. ಇಟಲಿಯಲ್ಲಿ ಒಂದು ಕಾನೂನನ್ನು ರದ್ದು ಮಾಡುವ ಜನಮತ ಗಣನೆಗೆ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಬೇಕು. ಅಲ್ಲಿ ವಿರೋಧಿಗಳು ‘ಬೇಡ’ ಎಂದು ಮತ ಹಾಕಿ ಎನ್ನುವ ಬದಲು ಮನೆಯಲ್ಲೇ ಇರಿ ಎಂದು ಪ್ರಚಾರ ಮಾಡುವುದು ರೂಢಿಯಾಗಿದೆ. 2025ರ ಜೂನ್‌ನಲ್ಲಿ ಐದು ಪ್ರಶ್ನೆಗಳ ಮೇಲೆ ನಡೆದ ಜನಮತ ಗಣನೆಗೆ ಬಂದವರು ಶೇಕಡಾ 30ರಷ್ಟು ಮಾತ್ರ, ಎಲ್ಲವೂ ಅಸಿಂಧುವಾದವು. ದೊಡ್ಡ ಕೋರಂ ಎಂದರೆ ಇದ್ದದ್ದು ಇದ್ದಂತೆ ಇರಲಿ ಎನ್ನುವವರಿಗೆ ಲಾಭ. ಅದಕ್ಕೇ ನಾನು ಎಲ್ಲ ವಿಷಯಕ್ಕೂ ಅದನ್ನು ಕೇಳುವುದಿಲ್ಲ. ಬೀದಿದೀಪ ಎಲ್ಲಿ ಹಾಕಬೇಕು, ಈ ವರ್ಷ ಯಾವ ಚರಂಡಿ ಮೊದಲು ಎಂಬುದಕ್ಕೆ ಬಂದವರ ಬಹುಮತ ಸಾಕು. ತಪ್ಪಿದರೆ ಮುಂದಿನ ವರ್ಷ ತಿದ್ದಬಹುದು. ಅಗೆದ ಬೆಟ್ಟವನ್ನು, ಮಾರಿದ ಗೋಮಾಳವನ್ನು, ಎಬ್ಬಿಸಿದ ಊರನ್ನು ಮರಳಿ ತರಲಾಗುವುದಿಲ್ಲ. ಅಂಥ ಕಡೆ ಇದ್ದದ್ದು ಇದ್ದಂತೆ ಉಳಿಯುವುದೇ ನ್ಯಾಯ, ಬೇಕೆನ್ನುವವರೇ ಮನೆಮನೆಗೆ ಹೋಗಿ ಜನರನ್ನು ಒಲಿಸಲಿ.

ಅವಿಶ್ವಾಸ ಗೊತ್ತುವಳಿಯ ವಿಚಾರ ಇಷ್ಟು ಸರಳವಾಗಿಲ್ಲ. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಇಳಿಸಲು ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು. ಹದಿನೈದು ಸದಸ್ಯರ ಪಂಚಾಯಿತಿಯಲ್ಲಿ ಹತ್ತು ಮತ. ಒಂಬತ್ತು ಜನ ವಿರುದ್ಧ ನಿಂತು, ಆರು ಜನ ಪ್ರವಾಸದ ನೆಪದಲ್ಲಿ ಊರು ಬಿಟ್ಟರೆ ಅಧ್ಯಕ್ಷರು ಉಳಿದರು. ಅವರಿಗೆ ಆರು ಬೆಂಬಲಿಗರು ಬೇಕಿಲ್ಲ, ಆರು ಖಾಲಿ ಕುರ್ಚಿ ಸಾಕು. ವಿಧಾನಸಭೆಯ ಸಭಾಧ್ಯಕ್ಷರನ್ನೇ ಇಳಿಸಲು ಸಂವಿಧಾನದ 179ನೇ ವಿಧಿ ಆಗಿನ ಒಟ್ಟು ಸದಸ್ಯರ ಬಹುಮತವನ್ನಷ್ಟೇ ಕೇಳುತ್ತದೆ. ಹೀಗಿರುವಾಗ ಪಂಚಾಯಿತಿ ಅಧ್ಯಕ್ಷರಿಗೆ ಇಷ್ಟು ಭದ್ರತೆ ಯಾಕೆ ಎಂದು ಮೊದಮೊದಲು ನನಗೂ ಅನ್ನಿಸುತ್ತಿತ್ತು. ಆದರೆ ಮೀಸಲು ಸ್ಥಾನದಿಂದ ಬಂದ ಒಬ್ಬ ದಲಿತ ಹೆಣ್ಣುಮಗಳು ಆ ಕುರ್ಚಿಯಲ್ಲಿದ್ದಾಳೆಂದು ಭಾವಿಸಿ. ಊರಿನ ಹಣವಂತರು ಅವಳಿಗೆ ಎದುರಾಗಿದ್ದಾರೆ. ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ಯುವ ಶಕ್ತಿ ಅವಳಿಗೆಲ್ಲಿದೆ? ಅಲ್ಲಿ ಹೆದರಿ ಸುಮ್ಮನಾದ ನಾಲ್ಕು ಸದಸ್ಯರ ಮೌನ ಅವಳ ಪರವಾಗಿ ಎಣಿಕೆಯಾಗುವುದು ದೊಡ್ಡ ಆಸರೆ. ಅದೇ ಕುರ್ಚಿಯಲ್ಲಿ ಗುತ್ತಿಗೆದಾರರ ಕುಟುಂಬದವರು ಕೂತಿದ್ದರೆ ಅದೇ ನಿಯಮ ಅಡ್ಡದಾರಿಗೆ ಕಾವಲು ನಿಲ್ಲುತ್ತದೆ. ಎರಡನ್ನೂ ತೂಗಿ ನೋಡಿದ ಮೇಲೆ ಮೂರನೇ ಎರಡರ ನಿಯಮ ಉಳಿಯಲಿ ಎಂಬುದೇ ನನ್ನ ಅಭಿಪ್ರಾಯ. ಯಾರು ಬಂದರು, ಯಾರು ಬರಲಿಲ್ಲ, ಬಂದು ಯಾರು ಸುಮ್ಮನಿದ್ದರು ಎಂಬ ಹೆಸರುಪಟ್ಟಿ ಮಾತ್ರ ಅಂದೇ ಪಂಚಾಯಿತಿ ಗೋಡೆಯ ಮೇಲೆ ಹತ್ತಬೇಕು. ಅವರನ್ನು ಆರಿಸಿದ ಜನಕ್ಕೆ ತಿಳಿಯಲಿ.

ಸಹಕಾರ ಸಂಘಗಳ ಕಡೆಗೂ ಒಂದು ಮಾತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹುಟ್ಟುಹಾಕಿದ ಸಂಘದಿಂದ ಹಿಡಿದು ಇವತ್ತಿನವರೆಗೆ ‘ಒಬ್ಬ ಸದಸ್ಯ, ಒಂದು ಮತ’ ಎಂಬುದು ಸಹಕಾರದ ಪ್ರಾಣ. ಮಹಾಸಭೆಯ ಆಮಂತ್ರಣ ಪತ್ರದ ಕೊನೆಯಲ್ಲಿ ಬರುವ ಸಾಲು ನಿಮಗೆಲ್ಲ ಬಾಯಿಪಾಠ: ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು, ಆಗ ಕೋರಂನ ಅಗತ್ಯವಿರುವುದಿಲ್ಲ. ಅರ್ಧ ಗಂಟೆಯಲ್ಲಿ ಯಾರೂ ಹೆಚ್ಚು ಬರುವುದಿಲ್ಲ. ಅದರ ಮೇಲೆ ಈಗ ಮಹಾಸಭೆಗಳಿಗೆ ನಿಗದಿಯಾದಷ್ಟು ಸಲ ಹಾಜರಾಗದ ಸದಸ್ಯ ಮತದ ಹಕ್ಕನ್ನೇ ಕಳೆದುಕೊಳ್ಳುವ ನಿಯಮವೂ ಕಾಯ್ದೆಗೆ ಸೇರಿದೆ. ಸದಸ್ಯರು ಸಂಘದಲ್ಲಿ ಆಸಕ್ತಿ ವಹಿಸಲಿ ಎಂಬ ಉದ್ದೇಶ ಮೆಚ್ಚತಕ್ಕದ್ದೇ. ಆದರೆ ನೋಟಿಸು ಕಳಿಸುವವರು ಆಡಳಿತ ಮಂಡಳಿಯವರು, ಹಾಜರಿ ಪುಸ್ತಕ ಇಡುವವರು ಅವರೇ, ಅನರ್ಹ ಮತದಾರರ ಪಟ್ಟಿ ತಯಾರಿಸುವವರೂ ಅವರೇ. ನೋಟಿಸು ತಲುಪಿದ ಸ್ವೀಕೃತಿ ಸಂಘದ ಬಳಿ ಇಲ್ಲದಿದ್ದರೆ ಗೈರುಹಾಜರಿಯನ್ನು ಸದಸ್ಯನ ತಪ್ಪೆಂದು ಬರೆಯಬಾರದು. ಇದೊಂದು ತಿದ್ದುಪಡಿ ಬಂದರೆ ನೂರಾರು ಸಂಘಗಳಲ್ಲಿ ಚುನಾವಣೆಯ ಬಣ್ಣವೇ ಬೇರೆಯಾಗುತ್ತದೆ.

ತಟಸ್ಥರನ್ನು ದಾಖಲಿಸಿ ಎಂದಾಗ ಇನ್ನೊಂದು ಅಪಾಯವೂ ಇದೆ. ಹಿಂದೆ ಸಾರ್ವತ್ರಿಕ ಚುನಾವಣೆಯಲ್ಲಿ ಯಾರಿಗೂ ಮತ ಹಾಕಲು ಇಷ್ಟವಿಲ್ಲದವನು 49-ಒ ನಿಯಮದ ಪ್ರಕಾರ ಮತಗಟ್ಟೆಯ ಅಧಿಕಾರಿಗೆ ಹೇಳಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಏಜೆಂಟರೆಲ್ಲ ನೋಡುತ್ತಿರುತ್ತಿದ್ದರು. ಮತ ಹಾಕಿದವನಿಗೆ ಗುಟ್ಟು, ಹಾಕದವನಿಗೆ ಬಯಲು. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಇದು ತಪ್ಪೆಂದಿತು. ‘ನೋಟಾ’ ಗುಂಡಿ ಬಂದದ್ದು ಹಾಗೆ. ಆರಿಸಿ ಬಂದ ಪ್ರತಿನಿಧಿಗೆ ಗುಟ್ಟಿನ ಹಕ್ಕಿಲ್ಲ, ಅವನ ಹೆಸರು ಗೋಡೆಯ ಮೇಲೆ ಬರಲಿ. ಸಾಮಾನ್ಯ ಮತದಾರನ ವಿಷಯ ಬೇರೆ. ಊರನ್ನು ಸೀಳುವಂಥ ಪ್ರಶ್ನೆಗಳಲ್ಲಿ ಗ್ರಾಮಸಭೆಯೂ ಚೀಟಿ ಹಾಕಿಸಲಿ: ಬೇಕು, ಬೇಡ, ತಟಸ್ಥ. ಹೆಸರು ಬೇಡ, ಸಂಖ್ಯೆ ಸಾಕು. ತಟಸ್ಥರ ಸಂಖ್ಯೆ ‘ಬೇಕು’, ‘ಬೇಡ’ ಎರಡನ್ನೂ ಮೀರಿದರೆ ಜನಕ್ಕೆ ವಿಷಯ ತಿಳಿದಿಲ್ಲ, ಇಲ್ಲವೇ ಕೇಳಿದ ಪ್ರಶ್ನೆಯೇ ಸರಿಯಿಲ್ಲ ಎಂದರ್ಥ. ಆಗ ಠರಾವನ್ನು ಪಾಸು ಮಾಡುವುದೂ ಬೇಡ, ಬೀಳಿಸುವುದೂ ಬೇಡ. ಇನ್ನೊಂದು ಸಭೆ ಕರೆದು ಮತ್ತೆ ವಿವರಿಸಿ, ಮತ್ತೆ ಕೇಳಿ. ಮೂರು ಸಲ ಕೇಳುವ ತಾಳ್ಮೆ ಸಂಘದ ಭಿಕ್ಷುಗಳಿಗಿತ್ತು.

ಯುವಕರು ಕೆಲವರು ಇಲ್ಲಿದ್ದೀರಿ. ನಿಮಗೊಂದು ಹಳೆಯ ಸಂಗತಿ ತಿಳಿದಿರಲಿ. 1955ರ ಸೆಪ್ಟೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ತನ್ನ ವರದಿ ಕೊಟ್ಟಾಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಒಂದು ಭಾಗವನ್ನೂ ಆಂಧ್ರಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ತುಂಗಭದ್ರಾ ಯೋಜನೆ ಅದರ ಮುಖ್ಯ ಕಾರಣ. ಈ ಜನ ಅದನ್ನು ಬಾಯಿ ಮುಚ್ಚಿಕೊಂಡು ಒಪ್ಪಲಿಲ್ಲ. ಕನ್ನಡ ನಾಡಿನಾದ್ಯಂತ ವಿರೋಧ ಎದ್ದಿತು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಕೈಬಿಟ್ಟಿತು. ನಾವು ಈ ಸಭಾಂಗಣದಲ್ಲಿ ಕುಳಿತು ಕನ್ನಡದಲ್ಲಿ ದತ್ತಿ ಉಪನ್ಯಾಸ ನಡೆಸುತ್ತಿರುವುದು ಅಂದು ಮಾತಾಡಿದವರಿಂದ.

ಕಾಯ್ದೆ ತಿದ್ದುವುದು ವಿಧಾನಸೌಧದ ಕೆಲಸ, ಅದಕ್ಕೆ ಕಾಲ ಬೇಕು. ನಡವಳಿ ಪುಸ್ತಕ ನಮ್ಮ ಊರಿನಲ್ಲೇ ಇದೆ. ಗ್ರಾಮಸಭೆ, ವಾರ್ಡ್ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ಸಭೆಗೆ ಹೋಗಿ. ಹಾಜರಿಗೆ ಒಂದು ಪುಸ್ತಕ, ಠರಾವಿಗೆ ಇನ್ನೊಂದು ಪುಸ್ತಕ ಇಡಿಸಿ. ಬಂದ ಕೂಡಲೆ ಹಾಕಿದ ಸಹಿಯನ್ನು ಠರಾವಿಗೆ ಬಳಸಿಕೊಳ್ಳಲು ಬಿಡಬೇಡಿ. ಪ್ರತಿ ಠರಾವಿನ ಕೆಳಗೆ ಬೇಕು, ಬೇಡ, ತಟಸ್ಥ, ಗೈರು ಎಂಬ ನಾಲ್ಕು ಸಂಖ್ಯೆಗಳನ್ನು ಬರೆಯಿರಿ ಎಂದು ಎದ್ದು ನಿಂತು ಕೇಳಿ. ಪಿಡಿಒ ಆಗಿರುವ ತರುಣರೆ, ಹಾಗೆ ಬರೆಯಬೇಡಿ ಎಂದು ಯಾವ ಕಾನೂನೂ ನಿಮ್ಮ ಕೈ ಹಿಡಿದಿಲ್ಲ, ದಯವಿಟ್ಟು ಬರೆಯಿರಿ. ಸಭೆ ಮುಗಿಯುವ ಮುನ್ನ ನಡವಳಿಯನ್ನು ಗಟ್ಟಿಯಾಗಿ ಓದಿಸಿ, ಲಂಬಾಣಿ ಮಾತಾಡುವವರಿದ್ದರೆ ಅವರ ಮಾತಿನಲ್ಲೂ ಒಮ್ಮೆ ಹೇಳಿಸಿ, ಆಮೇಲೆ ಸಹಿ ಹಾಕಿ.